ಹನ್ನೊಂದೂವರೆ ಮೇಜು

ಅಧ್ಯಕ್ಷತೆ ವಹಿಸಿರುವ ವರ್ತಕರ ಸಂಘದ ಹಿರಿಯರೇ, ಮುಖ್ಯ ಅತಿಥಿಗಳಾದ ನಮ್ಮ ಸಂಜೆ ತರಗತಿಯ ಗಣಿತದ ಮೇಷ್ಟ್ರೇ, ಸಭಿಕರೇ, ಎಲ್ಲರೂ ಕ್ಷೇಮವೇ? ಗರಗಸಣ್ಣ, ಸೊಂಟ ಹೇಗಿದೆ? ಲೆಕ್ಕದಮ್ಮ, ಮೊಮ್ಮಗಳ ಕೆಮ್ಮು ನಿಂತಿತೇ? ಅಧ್ಯಕ್ಷರೇ, ತಾವು ಕೂತಿರುವ ಕುರ್ಚಿ ನಮ್ಮ ಕಾರ್ಖಾನೆಯದೇ, ನಿಶ್ಚಿಂತೆಯಿಂದ ಒರಗಬಹುದು.

ಇವತ್ತು ನನ್ನ ತಂಗಿಯ ಬೀಳ್ಕೊಡುಗೆ. ನಮ್ಮ ಮೇಜು ಕುರ್ಚಿ ಕಾರ್ಖಾನೆಯ ಪಾಲಿಶ್ ಕೋಣೆಯನ್ನು ಮೊದಲಿನಿಂದಲೂ ನಡೆಸಿದವಳು ನಾಳೆ ಬೇರೆ ಊರಿನ ದೊಡ್ಡ ಕಾರ್ಖಾನೆಗೆ ಹೊರಟಿದ್ದಾಳೆ. ಅವಳ ಬಗ್ಗೆ ನಾಲ್ಕು ಮಾತಾಡಿ ಎಂದರು. ನಾನು ಗಣಿತದ ಬಗ್ಗೆ ಮಾತಾಡುತ್ತೇನೆ. ಗಾಬರಿ ಬೇಡ, ಊಟ ತಡವಾಗುವುದಿಲ್ಲ.

ತಲೆ ನರೆತ ಮೇಲೆ ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಲೆಕ್ಕ ಕಲಿಯಲು ನಾನೇಕೆ ಹೋದೆ? ಕಾರ್ಖಾನೆಯ ಜಗಳ ತಾಳಲಾರದೆ. ತಿಂಗಳು ಹುಟ್ಟಿದರೆ ಅದೇ ಪ್ರಶ್ನೆ: ಮೇಜು ಎಷ್ಟು, ಕುರ್ಚಿ ಎಷ್ಟು? ಒಂದೊಂದಕ್ಕೆ ನೋಡಿದರೆ ಮೇಜಿನಲ್ಲೇ ಲಾಭ ಹೆಚ್ಚು. "ಕುರ್ಚಿ ಯಾಕೆ ಅಕ್ಕಾವ್ರೇ, ಬರೀ ಮೇಜು ಮಾಡೋಣ, ಇನ್ನೊಂದು ಗರಗಸ ತರಿಸಿಬಿಡಿ" ಎಂದು ಗರಗಸಣ್ಣ. "ಕುರ್ಚಿಗೆ ಒಂದು ಕೈ ಪಾಲಿಶ್ ಸಾಕು, ಮೇಜಿಗೆ ಮೂರು ಕೈ ಬೇಕು, ಒಂದೊಂದು ಕೈಯೂ ಒಣಗಬೇಕು. ಎಲ್ಲಿಡಲಿ, ನಿನ್ನ ತಲೆ ಮೇಲಾ?" ಎಂದು ತಂಗಿ. ಅವಳು ಕೇಳುತ್ತಿದ್ದುದು ಒಣಗಿಸಲು ಇನ್ನೊಂದು ಕೋಣೆ. ಆದರೆ ಗರಗಸಣ್ಣನದು ಯಂತ್ರದ ಪಕ್ಕ ನಿಂತು ನಿಂತು ಬೆಳೆದ ದನಿ. ನನಗೆ ಅದೇ ಕೇಳಿಸುತ್ತಿತ್ತು.

ಮೇಷ್ಟ್ರು ಹೇಳಿಕೊಟ್ಟದ್ದು ಇಷ್ಟು: ಏನು ಬೇಕು ಎನ್ನುವ ಮೊದಲು ಏನೇನು ಮಿತಿ ಇದೆ ಎಂದು ನೋಡಿ. ಒಂದೊಂದು ಮಿತಿಗೂ ಒಂದು ಗೆರೆ ಎಳೆಯಿರಿ. ಗೆರೆಗಳ ಒಳಗೆ ಉಳಿದ ಜಾಗದ ಯಾವುದೋ ಮೂಲೆಯಲ್ಲಿ ಹೆಚ್ಚಿನ ಲಾಭ ಕೂತಿರುತ್ತದೆ. ನಾನು ಪ್ಲೈವುಡ್ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದೆ. ಮೇಜು ಅರವತ್ತು, ಕುರ್ಚಿ ಸೊನ್ನೆ ಎಂದು ಬಂತು. ಗರಗಸಣ್ಣ ಸಿಹಿ ತರಲು ಹೊರಟೇಬಿಟ್ಟ. ಮೇಷ್ಟ್ರು ಹಲಗೆ ನೋಡಿ, "ಅಮ್ಮಾ, ಇವನ್ನ ಹಸಿಹಸಿಯಾಗೇ ಮಾರ್ತೀರಾ?" ಎಂದರು. ನಾನು ಪಾಲಿಶ್ ಗೆರೆಯನ್ನೇ ಎಳೆದಿರಲಿಲ್ಲ.

ಅದನ್ನು ಎಳೆದ ಮೇಲೆ ಉತ್ತರ ಬದಲಾಯಿತು: ಮಾರಾಟವಾಗುವಷ್ಟೂ ಕುರ್ಚಿ, ಜೊತೆಗೆ ಹನ್ನೊಂದೂವರೆ ಮೇಜು. "ಅರ್ಧ ಮೇಜಿಗೆ ಎರಡೇ ಕಾಲು. ಗೋಡೆಗೆ ಆನಿಸಿ ಮಾರೋಣ" ಎಂದ ಗರಗಸಣ್ಣ. ಪಾಪ, ಅವನ ಗರಗಸದ ಗೆರೆ ಮದುವೆಗೆ ಕರೆಯದ ನೆಂಟನ ಹಾಗೆ ಉತ್ತರದ ಮೂಲೆಯನ್ನು ಮುಟ್ಟದೆ ಎಲ್ಲೋ ದೂರದಲ್ಲಿ ನಿಂತಿತ್ತು.

ಆಮೇಲೆ ಮೇಷ್ಟ್ರು ನೆರಳು ಬೆಲೆ ಎಂಬುದನ್ನು ಕಲಿಸಿದರು. ಒಂದು ಮಿತಿಯನ್ನು ಒಂದೇ ಒಂದು ಗಂಟೆ ಸಡಿಲಿಸಿದರೆ ಲಾಭ ಎಷ್ಟು ಏರುತ್ತದೋ ಅದೇ ಆ ಗಂಟೆಯ ನೆರಳು ಬೆಲೆ. ಗರಗಸದ ಗಂಟೆಗೆ ಹಾಕಿದೆ: ಸೊನ್ನೆ. ಪಾಲಿಶ್ ಕೋಣೆಯ ಗಂಟೆಗೆ ಹಾಕಿದೆ: ಎರಡು ಸಲ ಕೂಡಿ ನೋಡಬೇಕಾಯಿತು, ಅಷ್ಟು ದೊಡ್ಡದು.

ಓಡಿಹೋಗಿ ತಂಗಿಗೆ ಹೇಳಿದೆ. ಅಷ್ಟರಲ್ಲಿ ಅವಳು ಆ ದೊಡ್ಡ ಕಾರ್ಖಾನೆಯ ಕೆಲಸಕ್ಕೆ ಒಪ್ಪಿಕೊಂಡಾಗಿತ್ತು. ಬ್ರಷ್ ತೊಳೆಯುತ್ತಾ, "ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳಿದ್ದು ಕೇಳಿಸ್ಲಿಲ್ಲ, ಸೀಮೆಸುಣ್ಣ ಹೇಳಿದ್ದು ಕೇಳಿಸ್ತಾ ಅಕ್ಕಾ?" ಎಂದಳು. ನಾನು ಒಂದು ಲೋಟ ನೀರು ಕುಡಿದು ವಾಪಸು ಬಂದೆ.

ಇನ್ನೊಂದು ಕೋಣೆಯ ಕೆಲಸ ಶುರುವಾಗಿದೆ. ಗೋಡೆ ಸೊಂಟದ ಮಟ್ಟಕ್ಕೆ ಬಂದಿದೆ. ಅಲ್ಲಿ ಯಾರು ನಿಂತರೂ ಲೆಕ್ಕ ಸರಿಹೋಗುತ್ತದೆ. ಯಾರ ಗಂಟೆ ಎಂದು ಅದು ಕೇಳುವುದಿಲ್ಲ. ಬೇರೆಯವರು ತಿಕ್ಕಿದ ಮೇಜೂ ಹೊಳೆದೀತು. ಆದರೆ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಉಪ್ಪು ಜಾಸ್ತಿ ತಿನ್ನಬೇಡ ಎಂದು ನನ್ನನ್ನು ಗದರುವವರು ಯಾರು? ಇದನ್ನು ಯಾವ ಹಲಗೆಯ ಮೇಲೆ ಎಳೆಯಲಿ, ಮೇಷ್ಟ್ರೇ?

ತಂಗೀ, ಕಾರ್ಖಾನೆಯಲ್ಲಿ ನಿನಗೆ ಸರಿಪಾಲು. ನನ್ನ ಕೆಳಗೆ ಅಲ್ಲ, ಪಕ್ಕದಲ್ಲಿ. ಇಲ್ಲಿ ಉತ್ತರ ಕೊಡಬೇಡ. ಇಷ್ಟು ಜನರ ಮುಂದೆ ಇಲ್ಲ ಎನ್ನಲು ನಿನಗೆ ಬಾರದು. ನಾಳೆ ಹೋಗು, ಆ ಕಾರ್ಖಾನೆ ನೋಡು.

ಇಷ್ಟು ಹೊತ್ತು ತಾಳಿಕೊಂಡ ಎಲ್ಲರಿಗೂ ಕೃತಜ್ಞಳು, ಎಲ್ಲರಿಗೂ ನಮಸ್ಕಾರ. ತಂಗೀ, ಬರುವುದು ಬಿಡುವುದು ನಿನ್ನಿಷ್ಟ. ಕಿಟಕಿ ಯಾವ ಕಡೆಗೆ ಇಡಿಸಲಿ ಎಂದಾದರೂ ಬೇಗ ಬರೆದು ತಿಳಿಸು. ಮೇಸ್ತ್ರಿ ಕೆಲಸ ನಿಲ್ಲಿಸಿ ಕಾಯುತ್ತಿದ್ದಾನೆ.