ಶೋಕೇಸಿನೊಳಗಿನ ದಪ್ಪ ಪುಸ್ತಕ

ಒಂದು ಪೇಟೆಯಲ್ಲಿ ಒಬ್ಬ ಸಿರಿವಂತ ಇದ್ದ, ಪ್ರಿಯರೇ. ಚರ್ಚಿನಲ್ಲಿ ಮೊದಲ ಬೆಂಚು ಅವನದೇ. ಅವನ ಸೊಸೆ ಕ್ಲಾರಿನೆಟ್ ನುಡಿಸುತ್ತಿದ್ದಳು. ಕಲಿಸಿದವರು ಯಾರು? ಯಾರೂ ಇಲ್ಲ. ಅಟ್ಟದಲ್ಲಿ ಬಿದ್ದಿದ್ದ ಹಳೆಯ ವಾದ್ಯವನ್ನು ಒರೆಸಿ, ಅದರ ಜೊತೆಗಿದ್ದ ಎರಡು ಅಭ್ಯಾಸದ ಪುಸ್ತಕ ನೋಡಿಕೊಂಡು ಒಬ್ಬಳೇ ಕಲಿತಳು. ಯಾವಾಗ? ಕುಕ್ಕರ್ ಕೂಗುವ ಹೊತ್ತಿಗೆ. ತಪ್ಪು ಸ್ವರ ಯಾರ ಕಿವಿಗೂ ಬೀಳಬಾರದಲ್ಲ! ಹೀಗೆ ಒಂಬತ್ತು ವರ್ಷ. ಎರಡನೇ ಪುಸ್ತಕ ಕಣ್ಣುಮುಚ್ಚಿ ನುಡಿಸುವಷ್ಟು ಬಂದಿತ್ತು. ಬಂದದ್ದನ್ನೇ ನುಡಿಸಿ ನುಡಿಸಿ ಅವಳಿಗೆ ತನ್ನ ಮೇಲೆಯೇ ಬೇಸರ ಹುಟ್ಟಿತ್ತು.

ಒಂದು ದಿನ ಧೈರ್ಯ ಮಾಡಿ ಕೇಳಿದಳು: "ಮಾವ, ಪಟ್ಟಣಕ್ಕೆ ಹೋದಾಗ ನನಗೆ ಮುಂದಿನ ಅಭ್ಯಾಸದ ಪುಸ್ತಕ ತರ್ತೀರಾ? ಸ್ವಲ್ಪ ಕಷ್ಟದ್ದು. ನನಗೆ ಪುಸ್ತಕ ಬಿಟ್ಟರೆ ಬೇರೆ ಮೇಷ್ಟ್ರಿಲ್ಲ."

"ಅದಕ್ಕೇನಮ್ಮ, ತಂದರಾಯ್ತು."

ತಂದ. ಎರಡು ತಂದ! ದಪ್ಪನೆಯದು, ಚಿನ್ನದ ಅಕ್ಷರದ್ದು, ಕಿರಿಯ ಮಗನಿಗೆ. ಆ ಮಗ ಕ್ಲಾರಿನೆಟ್ ಹಿಡಿದು ಎರಡು ತಿಂಗಳು. ಸೊಸೆಗೆ ತೆಳ್ಳನೆಯದು. ಅದರ ಮೊದಲ ಪುಟದಲ್ಲಿ ಏನಿತ್ತು ಗೊತ್ತಾ? ವಾದ್ಯ ಹಿಡಿಯುವುದು ಹೇಗೆ ಅಂತ ಚಿತ್ರ!

ನೋಡಿ, ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದವನು. ಒಂದು ದಿನ, ಒಂದೇ ಒಂದು ದಿನ ಕೂತು ಅವಳು ನುಡಿಸುವುದನ್ನು ಕೇಳಿದ್ದನಾ?

ಅವಳು ಏನು ಮಾಡಿದಳು? ದಪ್ಪ ಪುಸ್ತಕವನ್ನು ನಡುವೆ ತೆರೆದು, ಊಟದ ಮೇಜಿನ ಮೇಲಿಟ್ಟು, ಒಂದು ಪುಟ ನುಡಿಸಿದಳು. ಮೂರು ಕಡೆ ಎಡವಿದಳು. ಕೆಳಗಿನ ಸ್ವರದಿಂದ ಮೇಲಕ್ಕೆ ದಾಟುವಾಗ ಬೆರಳೆಲ್ಲ ಒಟ್ಟಿಗೆ ತೂತುಗಳ ಮೇಲೆ ಕೂರಬೇಕು. ಒಂದು ಜಾರಿ ವಾದ್ಯ ಕಿರುಚಿತು.

"ನೋಡಿದ್ಯಾ? ಅದಕ್ಕೇ ಸುಲಭದ್ದು ತಂದೆ," ಅಂದ ಮಾವ.

"ಎಡವಿದೆ ಅಂತಲೇ ಇದು ನನ್ನ ಪುಸ್ತಕ ಮಾವ. ಎಲ್ಲೂ ಎಡವದ ಪುಸ್ತಕದಿಂದ ಕಲಿಯೋದೇನು?"

ಮಗ ನಡುವೆ ಬಾಯಿ ಹಾಕಿದ: "ಅತ್ತಿಗೆಗೇ ಕೊಡಿ ಅಪ್ಪ. ನಾನು ಊದಿದರೆ ಬರೀ ಗಾಳಿ ಬರುತ್ತೆ. ಆ ಚಿತ್ರದ ಪುಸ್ತಕ ನನಗಿರಲಿ."

"ಬಾಯ್ಮುಚ್ಚೋ! ಸೊಸೆಗೆ ದೊಡ್ಡದು, ಮಗನಿಗೆ ಚಿಕ್ಕದು ಅಂದರೆ ಕಂಡವರು ಏನಂದಾರು?"

ದಪ್ಪ ಪುಸ್ತಕವನ್ನು ಶೋಕೇಸಿನಲ್ಲಿಟ್ಟು ಬೀಗ ಹಾಕಿದ. ಕೀಲಿ ಜುಬ್ಬಾದ ಜೇಬಿಗೆ.

ಮರುದಿನ ಆ ಮನೆಯಲ್ಲಿ ಕುಕ್ಕರ್ ಕೂಗಲಿಲ್ಲ. ಸೊಸೆ ಶೋಕೇಸಿನ ಎದುರಿಗೆ ಕುರ್ಚಿ ಹಾಕಿ ಕೂತಳು. ಎಡವಿದ ಆ ಮೂರು ಜಾಗ ಅವಳ ಬೆರಳು ಮರೆತಿರಲಿಲ್ಲ. ಅಷ್ಟನ್ನೇ ನುಡಿಸಿದಳು. ತಪ್ಪಿದಳು. ಮತ್ತೆ ನುಡಿಸಿದಳು. ಬೀದಿಗೆಲ್ಲ ಕೇಳಿತು, ಕೇಳಲಿ ಅಂತಲೇ ನುಡಿಸಿದಳು.

"ಅಡುಗೆ?" ಅಂದ ಮಾವ.

"ಕೀಲಿ?" ಅಂದಳು ಸೊಸೆ.

ನಗ್ತೀರಾ? ನಗಬೇಡಿ. ನನಗೆ ನಗು ಬರುತ್ತಿಲ್ಲ, ಸಿಟ್ಟು ಬರುತ್ತಿದೆ. ನಿಮ್ಮ ಮನೆಯ ಹೆಣ್ಣಿಗೆ ಎಷ್ಟು ಸಾಕು ಅಂತ ಅಳೆದವರು ನೀವಲ್ಲವಾ? ಅವಳ ಕೈಲಿ ಏನಾಗುತ್ತದೆ ಅಂತ ಕೇಳದೆಯೇ ಅಳೆದಿರಲ್ಲವಾ? ಅಕ್ಕಂದಿರೇ, ನೀವೂ ಅಷ್ಟೇ! ಎರಡನೇ ಪುಸ್ತಕದಲ್ಲೇ ಸುಖವಾಗಿದ್ದೇವೆ ಅಂತ ಎಷ್ಟು ವರ್ಷ ಕುಕ್ಕರಿನ ಹಿಂದೆ ಅಡಗುತ್ತೀರಿ?

ಇವತ್ತು ಮನೆಗೆ ಹೋದ ಕೂಡಲೇ ಟೀವಿ ಆರಿಸಿ. ಮನೆಯ ಹೆಣ್ಣನ್ನು ಕೂರಿಸಿ, ಎದುರಿಗೆ ಕೂತು, "ನಿನಗೇನು ಬರುತ್ತೆ, ಮುಂದೇನು ಬೇಕು?" ಅಂತ ಕೇಳಿ. ಅವಳು ಹೇಳಿ ಮುಗಿಸುವ ತನಕ ಬಾಯಿ ತೆರೆಯಬೇಡಿ. ಆಮೇಲೆ ಜೇಬಿಗೆ ಕೈ ಹಾಕಿ, ಕೀಲಿ ತೆಗೆದುಕೊಡಿ.

ಊಟ ತಡವಾದರೆ ಆಗಲಿ.