ರಿಪೋರ್ಟಿನ ಇನ್ನೊಂದು ಕಾಪಿ

ಆಳಂದದ ಆಸ್ಪತ್ರೆಯಲ್ಲಿ ಶುಗರ್ ರಿಪೋರ್ಟಿಗೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಅಕ್ಕತಂಗಿಯರಿಬ್ಬರು ಮಾತಾಡುತ್ತಿದ್ದರು.

“ನಿನ್ನ ಗಂಡಗ ಹೋದ ಸಲ ಎಷ್ಟ್ ಬಂದಿತ್ತಬೇ?”

“ನಾಕನೂರು, ಅಕ್ಕಾ.”

“ಅದಕ್ಕೇ ಹಾಸಿಗ್ಯಾಗ ಸತ್ತಂಗ ಬೀಳತಾನ.”

“ಡಾಕ್ಟರೂ ಅದನ್ನೇ ಅಂದ್ರು. ಶುಗರ್ ಏರಿದ್ರ ಗಂಡಸ್ತನ ಕುಗ್ಗತದ, ಗುಳಿಗಿ ತಗೋ ಅಂದ್ರು.”

“ತಗೊಂಡನೇನು?”

“ಎಲ್ಲಿ! ಸಂತ್ಯಾಗಿನ ವೈದ್ಯನ ಪುಡಿ ಬೆಲ್ಲದಾಗ ಕಲಸಿ ತಿನ್ನಾಕತ್ತಾನ.”

“ಶುಗರಿಗೆ ಬೆಲ್ಲ! ಶಾಣ್ಯಾ ಅದಾನ ಬಿಡು.”

“ತಪ್ಪು ನಂದೇ ಅಂತ. ಹಿರೋಳ್ಳ್ಯಾಗ ಇನ್ನೊಂದು ಲಗ್ನಕ್ಕ ಹುಡುಗಿ ನೋಡ್ಯಾನ.”

“ಥೂ, ಅವನ ಮೀಸಿಗೆ ಬೆಂಕಿ ಹಚ್ಚ!”

ನರ್ಸ್ ತಂಗಿಯ ಗಂಡನ ರಿಪೋರ್ಟ್ ಕೊಟ್ಟರು. ಆಕೆ ಕದಲಲಿಲ್ಲ.

“ಇದರದೇ ಇನ್ನೊಂದು ಕಾಪಿ ಕೊಡ್ರಿ.”

“ಡಾಕ್ಟರಿಗೆ ಒಂದೇ ಸಾಕಲ್ಲವಾ?”

“ಅದು ಹಿರೋಳ್ಳಿಗ್ರಿ. ಹುಡುಗಿ ಅಪ್ಪ ಓದಾಕ ಬಲ್ಲಾಂವ ಅದಾನ.”

ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದರು.