ಕಾಲರಿನ ಕೆಳಗಿನ ಇರುವೆ

"ಹಲೋ... ಹಾಂ, ಯಾರು ಮಾತಾಡ್ತಿರೋದು?"

...

"ಯಾವ ಅಣ್ಣ? ನಂಗೆ ಅಣ್ಣಂದಿರು ಬಹಳ ಜನ ಕಣ್ರೀ. ದಾರ ತಂದ್ಕೊಡೋ ಅಣ್ಣ, ಲಿಫ್ಟ್ ರಿಪೇರಿ ಅಣ್ಣ, ಕೆಳಗಡೆ ಜೆರಾಕ್ಸ್ ಅಂಗಡಿ ಅಣ್ಣ. ಇದ್ರಲ್ಲಿ ನೀವ್ಯಾರು?"

...

"ಓಹೋ, ಸ್ವಂತ ಅಣ್ಣನಾ! ಹಾಗಂತ ಮೊದ್ಲೇ ಹೇಳ್ಬಾರ್ದಾ. ಅಪರೂಪಕ್ಕೆ ಫೋನ್ ಬಂದ್ರೆ ಹೀಗೇ ಆಗೋದು, ದನೀನೇ ಮರ್ತುಹೋಗಿರುತ್ತೆ."

ದನಿ ಮರೆತದ್ದು ಶುದ್ಧ ಸುಳ್ಳು. ಹುಟ್ಟಿದಾಗಿನಿಂದ ಕೇಳಿದ ದನಿ ಅದು, ಮೊದಲ ಉಸಿರಿಗೇ ಗುರುತು ಹತ್ತಿತ್ತು. ಆದರೆ ಸತಾಯಿಸುವ ಅವಕಾಶ ತಾನಾಗಿ ಮನೆ ಬಾಗಿಲಿಗೆ ಬಂದರೆ ಬಿಟ್ಟುಕೊಡುವ ಹೆಂಗಸಲ್ಲ ಈ ಕಸೂತಿಗಾರ್ತಿ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಕಿಟಕಿ ಪಕ್ಕದ ಉದ್ದ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿತ್ತು. ನಾಳೆ ಅಣ್ಣನ ಮಗಳ ಮದುವೆ. ಛತ್ರದಲ್ಲಿ ಗಂಡು ಹೆಣ್ಣು ಕೂರುವ ಕುರ್ಚಿಗಳ ಹಿಂದೆ ತೂಗುಹಾಕಬೇಕಾದ ಬಟ್ಟೆ ಅದು. ಅಂಚಿನಲ್ಲಿ ಇನ್ನೂ ಗೇಣುದ್ದ ಕೆಲಸ ಬಾಕಿ ಇತ್ತು. ಸೂಜಿ ಎತ್ತಿಕೊಂಡಳು.

"ಹೇಳಪ್ಪ, ಏನ್ ಸಮಾಚಾರ? ಮದುವೆ ಮನೆ ಯಜಮಾನ ನೀನು, ಇವತ್ತು ಉಸಿರಾಡೋಕೂ ಪುರುಸೊತ್ತಿರ್ಬಾರ್ದು."

...

"ಬಟ್ಟೆನಾ? ಇನ್ನೇನು ಮುಗೀತು. ಯಾಕೆ?... ಫೋಟೋ ನೋಡಿದ್ಯಾ? ಎಲ್ಲಿ?... ಓ, ಮಗಳ ಫೋನಲ್ಲಿ. ಚೆನ್ನಾಗಿದೆ ಅಲ್ವಾ? ನಿಜ ಹೇಳು."

...

"ಏನದು ಅಂತ ನನ್ನೇ ಕೇಳ್ತೀಯಾ? ಗುರುತು ಸಿಗ್ಲಿಲ್ವಾ ನಿಂಗೆ? ಸರಿ, ಕೇಳಿಸ್ಕೋ. ಒಂದು ಸೋಫಾ. ನಿನ್ ಹಳೇ ಮನೇದು, ಹಸಿರು ಸೋಫಾ, ಪ್ಲಾಸ್ಟಿಕ್ ಕವರ್ ಕೂಡ ಇನ್ನೂ ತೆಗೆದಿರ್ಲಿಲ್ಲ ನೋಡು, ಅದು. ಅದ್ರ ಮುಂದೆ ಒಬ್ರು ಎರಡೂ ಕೈ ಎತ್ಕೊಂಡು ನಿಂತಿದಾರೆ. ಇನ್ನೊಬ್ಳು ವಯಸ್ಸಾದೋಳು, ತುಟಿ ಮಧ್ಯೆ ಗುಂಡುಸೂಜಿ ಕಚ್ಕೊಂಡು ಅವ್ರ ಸೊಂಟಕ್ಕೆ ಟೇಪ್ ಸುತ್ತಿದಾಳೆ. ಬಾಗ್ಲ ಹತ್ರ ಒಬ್ಬ ಗಂಡಸು. ತಲೆ ತಗ್ಸಿ ತನ್ನ ಬೂಟ್ಸು ನೋಡ್ಕೋತಿದಾನೆ. ಇಷ್ಟೇ."

...

"ಹೂವು ಬಳ್ಳಿ ಹಾಕ್ಬೇಕಿತ್ತಾ? ಜೋಡಿ ಹಕ್ಕಿ? ಅವೆಲ್ಲ ಅಂಗಡೀಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತಪ್ಪ. ನಾನು ಹೊಲಿಯೋದು ನಡೆದದ್ದನ್ನ. ನಿಂಗದು ಗೊತ್ತಿದ್ದದ್ದೇ ತಾನೆ?"

ಅವಳ ಹೆಸರು ನಾಲ್ಕು ಜನರ ಬಾಯಲ್ಲಿ ಓಡಾಡುವುದೇ ಈ ಕಾರಣಕ್ಕೆ. ಅಂಚೆ ಹಂಚುವವಳನ್ನು ಕಚ್ಚಿದ ನಾಯಿ ಕೊನೆಗೆ ಅವಳ ಹಿಂದೆಯೇ ಮನೆಗೆ ಹೋಗಿ ಕೂತ ಕಥೆ ಒಂದು ಮೇಜಿನ ಹೊದಿಕೆಯಾಗಿತ್ತು. ಹೆಂಡತಿ ಸತ್ತ ಮೇಲೂ ಎರಡು ಲೋಟ ಚಹಾ ಮಾಡಿಬಿಡುವ ಬಡಗಿಯ ಕಥೆ ಒಂದು ಜೊತೆ ದಿಂಬುಗಳಾಗಿತ್ತು. ಬಟ್ಟೆ ಕೈಗಿಡುವಾಗ ಅದರ ಹಿಂದಿನ ಕಥೆಯನ್ನು ಅವಳೇ ನಿಂತು ಹೇಳಬೇಕು, ಅದು ಅವಳ ಕಟ್ಟಳೆ. ನಾಳೆ ಛತ್ರದಲ್ಲಿ ಎರಡೂ ಕಡೆಯ ನೆಂಟರ ಮುಂದೆ ಮೈಕ್ ಹಿಡಿದು ಹೇಳುವವಳಿದ್ದಳು. ಅಣ್ಣ ಫೋನ್ ಮಾಡಿದ್ದೇ ಅದನ್ನು ತಪ್ಪಿಸಲು.

"ಬೇರೆ ಕಥೆ ಹೇಳು ಅಂತೀಯಾ? ಯಾವ್ದು?... ಅಜ್ಜಿ ಮೊಮ್ಮಗಳಿಗೆ ಹೊಲಿಗೆ ಕಲಿಸ್ತಿದಾಳೆ ಅಂತನಾ? ಹ್ಹ! ಅಣ್ಣ, ಕಟ್ಟುಕಥೆ ಕಟ್ಟೋದ್ರಲ್ಲಿ ನೀನು ಮೊದ್ಲಿಂದಾನೂ ಜಾಣ."

...

"ಆ ದಿನ ನಾನೆಲ್ಲಿದ್ದೆ ಗೊತ್ತಾ? ನಿನ್ ಅಡುಗೆಮನೇಲಿ. ನಿಮ್ ಸಾಹೇಬ್ರು, ಅವ್ರ ಮನೆಯೋರು ಆಗಿನ್ನೂ ಹೊಸದಾಗಿದ್ದ ಆ ಮನೆ ನೋಡೋಕೆ ಬಂದಿದ್ರು, ನಾನು ಲೋಟ ತೊಳೀತಿದ್ದೆ. ಕೈ ಒದ್ದೆ ಇತ್ತು, ಕಿವಿ ಸರಿಯಾಗೇ ಇತ್ತು. ಅಮ್ಮ ಒಳಗಡೆ ಹೊಲೀತಿದ್ದೋಳು ಎದ್ದು ಬಂದ್ಲು. ಮೈಮೇಲೆಲ್ಲ ದಾರದ ಚೂರು, ಕನ್ನಡಕಕ್ಕೆ ನೂಲು ಕಟ್ಟಿದ್ಲು. ಮೇಡಂ 'ಇವ್ರು ಯಾರು' ಅಂತ ಕೇಳಿದ್ರು. ನೀನೇನಂದೆ? ಹೇಳು, ನಿನ್ ಬಾಯಿಂದಾನೇ ಬರ್ಲಿ."

...

"ಹೇಳೋ ಅಂದೆ."

...

"ಸರಿ, ನಾನೇ ಹೇಳ್ತೀನಿ. 'ಟೈಲರಮ್ಮ, ಮನೆಗೇ ಬಂದು ಹೊಲ್ದುಕೊಡ್ತಾರೆ' ಅಂದೆ. 'ಕೊಡ್ತಾರೆ' ಅಂದ್ಯಲ್ಲ, ಮರ್ಯಾದೆ ಕೊಟ್ಟು, ಅದು ದೊಡ್ಡ ಉಪಕಾರ ಬಿಡು! ಅಮ್ಮ ಏನ್ ಮಾಡಿದ್ಲು? ಕತ್ತಿನಿಂದ ಟೇಪ್ ತೆಗೆದು, 'ಕೈ ಎತ್ತಿ, ತಾಯಿ' ಅಂದ್ಲು. ಯಾಕೆ? ಮಗನ ಮಾತು ಸುಳ್ಳಾಗ್ಬಾರ್ದು ಅಂತ. ನಿನ್ ಸಾಹೇಬ್ರ ಹೆಂಡ್ತಿಗೆ ಅಳತೆ ತಗೊಂಡು, ಕಾಲರಿಗೆಲ್ಲ ಕಸೂತಿ ಹಾಕಿ ಕೋಟು ಹೊಲ್ದು ಕೊಟ್ಲು. ನಂಗೆ ಅದನ್ನ ತಮಾಷೆ ಥರ ಹೇಳ್ತಿದ್ಲು. ನಗ್ತಾ ನಗ್ತಾ ಹೇಳ್ತಿದ್ಲು ಮಾರಾಯ!"

ಸೂಜಿ ಬೆರಳಿಗೆ ಚುಚ್ಚಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಅವಳು ಅತ್ತಲಿನ ಗೊಣಗಾಟವನ್ನು ಪೂರ್ತಿ ಕೇಳಿದಳು. ಅಣ್ಣನ ಸಮಜಾಯಿಷಿ ಉದ್ದವಾಗಿತ್ತು, ನಡುನಡುವೆ ಮೂಗೊರೆಸಿಕೊಳ್ಳುವ ಸದ್ದೂ ಇತ್ತು. ಅವಳಿಗೆ ಕನಿಕರ ಹುಟ್ಟಲಿಲ್ಲ. ಇನ್ನಷ್ಟು ಅಳಲಿ ಎನ್ನಿಸಿತು.

"ಹಾಂ... ಹಾಂ... ಕೆಲಸ ಹೊಸದು, ಎದುರಿಗೆ ಸಾಹೇಬ್ರು, ಬಾಯಿ ತಪ್ಪಿ ಬಂತು. ಒಪ್ಕೋತೀನಿ. ಬಾಯಿ ಒಂದ್ಸಲ ತಪ್ಪುತ್ತೆ. ಅಮ್ಮ ಅದನ್ನ ಹೊಟ್ಟೆಗೆ ಹಾಕ್ಕೊಂಡ್ಲು, ನಾನೂ ಇಷ್ಟು ವರ್ಷ ನುಂಗ್ಕೊಂಡಿದ್ದೆ. ಎಲ್ಲರ ಕಥೆ ಹೊಲ್ದೋಳು ಇದೊಂದನ್ನ ಮುಟ್ಟಿರ್ಲಿಲ್ಲ. ಎರಡನೇ ಸಲಾನೂ ಬಾಯಿ ತಪ್ತಾ?"

...

"ಯಾವ ಎರಡನೇ ಸಲ ಅಂತೀಯಾ? ಹೋದ ವಾರ ನಿನ್ ಬೀಗಿತಿ ಇಲ್ಲಿಗೆ ಬಂದಿದ್ರು. ಅದೇ, ನಿನ್ ಸಾಹೇಬ್ರ ಹೆಂಡ್ತಿ, ನಾಳೆ ನಿನ್ ಮಗಳ ಅತ್ತೆ ಆಗೋರು. ನನ್ ಅಂಗಡಿ ಬೋರ್ಡಲ್ಲಿ ಅಮ್ಮನ ಗುರುತಿನ ಕಸೂತಿ ಇರುವೆ ಇದ್ಯಲ್ಲ, ಅದನ್ನೇ ನೋಡ್ತಾ ನಿಂತ್ಬಿಟ್ರು. 'ನನ್ ಹಳೇ ಕೋಟಿನ ಕಾಲರ್ ಕೆಳಗೂ ಇಂಥದ್ದೇ ಒಂದಿದೆ. ಮೊದ್ಲ ದಿನ ನಿಜವಾದ ಇರುವೆ ಅಂದ್ಕೊಂಡು ಕೊಡವಿದ್ದೆ' ಅಂತ ನಕ್ರು. ಆಮೇಲೆ ಏನಂದ್ರು ಗೊತ್ತಾ?"

...

"'ಪಾಪ, ಆ ಟೈಲರಮ್ಮ ಅದೇ ವರ್ಷ ತೀರ್ಕೊಂಡ್ರಂತಲ್ಲ. ಇನ್ನೊಂದು ಕೋಟು ಹೊಲ್ಸೋಣ ಅಂತ ವಿಚಾರಿಸಿದ್ರೆ ನಿಮ್ಮಣ್ಣ ಹೇಳಿದ್ರು' ಅಂದ್ರು. ಅದೇ ವರ್ಷ!"

...

"ಫೋನ್ ಇಡ್ಬೇಡ. ಹಲೋ? ಇದೀಯಾ?"

ಅವಳು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಎದ್ದು ನಿಂತಳು. ಕಿಟಕಿಯ ಹತ್ತಿರ ಒಂದು ಗಿಡ್ಡ ಕುರ್ಚಿ ಇದೆ, ಇವತ್ತಿಗೂ ಅದರ ಮೇಲೆ ಅವಳು ಯಾರನ್ನೂ ಕೂರಲು ಬಿಡುವುದಿಲ್ಲ. ಅಣ್ಣನ ಮನೆ ಬಿಟ್ಟುಬಂದ ಮೇಲೆ ಕೊನೆತನಕ ಅಮ್ಮ ಕೂತದ್ದು ಅಲ್ಲೇ.

"ಆಮೇಲೂ ವರ್ಷಗಟ್ಟಲೆ ಅಮ್ಮ ಇಲ್ಲಿ, ನನ್ ಕಣ್ಣೆದುರಿಗೆ, ಈ ಕಿಟಕಿ ಹತ್ರ ಕೂತ್ಕೊಂಡು ಕಾಯ್ತಿದ್ಲು ಕಣೋ! 'ಆ ತಾಯಿ ಇನ್ನೊಂದು ಕೋಟಿಗೆ ಹೇಳಿಕಳಿಸೇ ಕಳಿಸ್ತಾರೆ ನೋಡ್ತಿರು' ಅಂತ. ನೀಲಿ ಬಟ್ಟೆ ಬೇರೆ ಆರಿಸಿ ಪೆಟ್ಟಿಗೇಲಿ ಇಟ್ಟಿದ್ಲು. ನೀನು ಫೋನ್ ಮಾಡಿದಾಗೆಲ್ಲ ಒಂದೇ ಮಾತು ಕೇಳ್ತಿದ್ಲು, 'ಕೋಟು ಕಂಕುಳಲ್ಲಿ ಹಿಡೀಲಿಲ್ವಂತಾ' ಅಂತ. ಕೇಳ್ತಿದ್ಲೋ ಇಲ್ವೋ? ನೀನು 'ಕೇಳಿ ಹೇಳ್ತೀನಮ್ಮಾ, ಈಗ ಮೀಟಿಂಗ್ ಇದೆ' ಅಂತಿದ್ದೆ. ಅಷ್ಟೊತ್ತಿಗೆ ಅವಳನ್ನ ಸಾಯಿಸಿ, ಮಣ್ಣು ಮಾಡಿ, ಕೈ ತೊಳ್ಕೊಂಡು ಆಗಿತ್ತು. ಉಸಿರಾಡ್ತಿದ್ದೋಳನ್ನ!"

...

"ಅಳ್ಬೇಡ. ಅಳು ನಂಗೂ ಬರುತ್ತೆ. ಹಾಂ, ಆ ನೀಲಿ ಬಟ್ಟೆ ಏನಾಯ್ತು ಅಂತ ಕೇಳ್ಲಿಲ್ಲ ನೀನು. ಫೋಟೋದಲ್ಲಿ ನೋಡಿದ್ಯಲ್ಲ, ಅದೇ. ಅದ್ರ ಮೇಲೇ ಹೊಲ್ದಿದೀನಿ."

...

"ಆ ಗಂಡಸನ್ನ ಬಿಚ್ಚಿಬಿಡು ಅಂತೀಯಾ? ಬಿಚ್ಬೋದು, ಕತ್ತರಿ ಇಲ್ಲೇ ಇದೆ. ಆದ್ರೆ ಸೂಜಿ ಹೋದ ಕಡೆ ತೂತು ಉಳಿಯುತ್ತೆ ಅಣ್ಣ. ಹಿಂದಿನಿಂದ ದೀಪ ಬಿದ್ರೆ ಮನುಷ್ಯನ ಆಕಾರ ಹಾಗೇ ಕಾಣುತ್ತೆ. ಇದಕ್ಕಿಂತ ಚೆನ್ನಾಗೇ ಕಾಣುತ್ತೆ, ಬೇಕಾದ್ರೆ ಹೇಳು."

...

"ಏನಂದೆ? ನಾನು ಸೇಡಿಗೆ ನಿನ್ನ ಹಾಕಿದೀನಿ ಅಂತನಾ? ಸೇಡು ಹೌದು, ಇಲ್ಲ ಅನ್ನಲ್ಲ. ಹೊಟ್ಟೆ ಉರೀತಿದೆ, ನೀನು ಆ ಛತ್ರದಲ್ಲಿ ಎಲ್ಲರ ಮುಂದೆ ತಲೆ ತಗ್ಸಿ ನಿಲ್ಲೋದನ್ನ ಕಣ್ತುಂಬ ನೋಡ್ಬೇಕು ಅಂತಿದೆ. ಆದ್ರೆ ಆ ಗಂಡಸನ್ನ ಹಾಕಿದ್ದು ನಾನಲ್ಲ."

...

"ನಾನಲ್ಲ ಅಂದ್ನಲ್ಲ. ನಾನು ಬರೆದ ನಕ್ಷೇಲಿ ಇಬ್ರೇ ಇದ್ದದ್ದು. ಅಮ್ಮ ಈ ಕಥೆ ಹೇಳುವಾಗೆಲ್ಲ ನಿನ್ನ ಬಿಟ್ಟೇ ಹೇಳ್ತಿದ್ಲು, 'ಅವನು ನೀರು ತರೋಕೆ ಒಳಗೆ ಹೋಗಿದ್ದ' ಅಂತ. ಹಾಗಾಗಿ ನಾನೂ ಬಿಟ್ಟಿದ್ದೆ. ಮೊನ್ನೆ ನಿನ್ ಮಗಳು ಬಂದ್ಲು, ಕಥೆ ಪೂರ್ತಿ ಕೇಳಿದ್ಲು. ಕೇಳಿ, ಬಟ್ಟೆ ನೋಡ್ತಾ, 'ಅತ್ತೆ, ಇದ್ರಲ್ಲಿ ಅಪ್ಪ ಎಲ್ಲಿ' ಅಂದ್ಲು."

...

"ಹೂಂ. ಅವಳೇ. ಸೂಜಿ ಇಸ್ಕೊಂಡು ಅವಳೇ ಕೂತು ಹೊಲಿದ್ಲು. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ ಆಗಿದೆ, ನೋಡಿಲ್ವಾ? ನನ್ ಕೈಯಾಗಿದ್ರೆ ಹಾಗೆ ಆಗ್ತಿತ್ತಾ? ಬೂಟ್ಸಿನ ಲೇಸ್ ಮಾತ್ರ ಎಷ್ಟು ಚೆನ್ನಾಗಿ ಹಾಕಿದಾಳೆ! ನೀನು ಅವಳನ್ನ ಕೇಳಿದಾಗ 'ಅತ್ತೆಗೆ ಫೋನ್ ಮಾಡಿ ಕೇಳಿ' ಅಂದಿರ್ಬೇಕಲ್ಲ?"

...

"ಅದಕ್ಕೇ ಮಾಡಿದ್ದು. ಇಲ್ದಿದ್ರೆ ನನ್ ನಂಬರ್ ನಿಂಗೆ ಎಲ್ಲಿ ನೆನಪಿರುತ್ತೆ."

ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಕಸೂತಿಗಾರ್ತಿ ಕಿಟಕಿಯಿಂದ ಬಗ್ಗಿ ನೋಡಿದಳು. ಒಬ್ಬ ದಪ್ಪನೆಯ ಹೆಂಗಸು ತೋಳಿನ ಮೇಲೆ ಹಳೇ ಕೋಟು ಹಾಕಿಕೊಂಡು ಲಿಫ್ಟಿನ ಕಡೆ ನಡೆಯುತ್ತಿದ್ದಳು. ನಾಳೆ ಮಗನ ಮದುವೆಗೆ ಅದನ್ನೇ ತೊಡುವ ಆಸೆ ಆಕೆಗೆ, ಮೈಗೆ ಸರಿಮಾಡಿಸಲು ಈ ಹೊತ್ತಿಗೆ ಬರುತ್ತೇನೆಂದು ಹೇಳಿದ್ದಳು.

"ಅಣ್ಣ, ನಿನ್ ಬೀಗಿತಿ ಬಂದ್ರು. ಲಿಫ್ಟ್ ಹತ್ತಿದ್ರು. ಒಂದು ಮಾತು ಹೇಳ್ತೀನಿ, ಕಿವಿಗೆ ಹಾಕ್ಕೋ. ನಾನು ನಾಳೆ ಮೈಕ್ ಮುಟ್ಟಲ್ಲ. ಬಟ್ಟೆ ತೂಗುಹಾಕಿ ಬಾಯಿ ಮುಚ್ಕೊಂಡು ಊಟ ಮಾಡ್ಕೊಂಡು ಬರ್ತೀನಿ. ಆದ್ರೆ ಈಗ, ಈ ಫೋನಲ್ಲಿ, ನೀನೇ ಅವ್ರಿಗೆ ಹೇಳ್ಬೇಕು. 'ಆ ಟೈಲರಮ್ಮ ನನ್ನಮ್ಮ.' ಇಷ್ಟೇ, ಜಾಸ್ತಿ ಬೇಡ."

...

"ಮದುವೆ ಮುರಿಯುತ್ತಾ? ಅಮ್ಮನ್ನ ಅಮ್ಮ ಅಂದ್ರೆ ಮುರಿಯೋ ಮದುವೆ ಮುರೀಲಿ ಬಿಡು. ನಿನ್ ಮಗಳೂ ಅದನ್ನೇ ಅಂದ್ಲು."

...

"ನನ್ ಕಾಲ್ಯಾಕೆ ಹಿಡೀತೀಯಾ? ಅಣ್ಣ, ಆ ಇರುವೆ ಯಾರದ್ದು ಹೇಳು? ನಿಂದು. ಸ್ಕೂಲಲ್ಲಿ ದಿನಾ ಅಂಗಿ ಕಳ್ಕೊಂಡು ಬರ್ತಿದ್ದೆ ಅಂತ ಗುರುತಿಗೆ ನಿನ್ ಕಾಲರ್ ಕೆಳಗೆ ಇರುವೆ ಹಾಕೋಕೆ ಶುರು ಮಾಡಿದ್ಲು. ಸಕ್ಕರೆ ಡಬ್ಬಿಗೆ ಮುತ್ತೋ ನನ್ನಿರುವೆ ಅಂತಿದ್ಲು ನಿನ್ನ. ಮನೆಯೋರ ಬಟ್ಟೆಗೆ ಬಿಟ್ರೆ ಇನ್ಯಾರಿಗೂ ಹಾಕ್ದೋಳಲ್ಲ. ಆ ಕೋಟಿಗೆ ಮಾತ್ರ ಹಾಕಿದ್ಲು. ಕೈ ಅಭ್ಯಾಸಾನೋ, ಬೇಕಂತ್ಲೋ, ಕೇಳೋಕೆ ನಂಗೆ ಧೈರ್ಯ ಬರ್ಲಿಲ್ಲ... ಬನ್ನಿ ಮೇಡಂ, ಬನ್ನಿ, ಬಾಗ್ಲು ತೆಗೆದೇ ಇದೆ."

ಮೇಡಂ ಒಳಗೆ ಬಂದು ಏದುಸಿರು ಬಿಡುತ್ತಾ ಕೋಟನ್ನು ಮೇಜಿನ ಮೇಲಿಟ್ಟಳು. ನೀಲಿ ಬಟ್ಟೆಯ ಮೇಲೆ ಕಣ್ಣಾಡಿಸಿ, ಕೈ ಎತ್ತಿ ನಿಂತ ಹೆಂಗಸನ್ನು ನೋಡಿ, ಯಾರಿದು, ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಹುಬ್ಬು ಗಂಟಿಕ್ಕಿದಳು. ಆಮೇಲೆ ತಾನಾಗೇ ಕೋಟಿನ ವಿಷಯ ತೆಗೆದಳು. ಸೊಂಟದಲ್ಲಿ ಸ್ವಲ್ಪ ಬಿಚ್ಚಿದರೆ ಸಾಕು, ಇಷ್ಟು ದಪ್ಪಗಾದರೂ ಕಂಕುಳಲ್ಲಿ ಮಾತ್ರ ಇವತ್ತಿಗೂ ಹಿಡಿಯುವುದಿಲ್ಲ, ಅಂಥ ಕೈ ಆ ಟೈಲರಮ್ಮನದು ಎಂದಳು.

ಕಸೂತಿಗಾರ್ತಿ ಗಿಡ್ಡ ಕುರ್ಚಿಯ ಕಡೆ ನೋಡಿದಳು.

"ಕೇಳಿಸ್ತಾ ಅಣ್ಣ? ಕಂಕುಳಲ್ಲಿ ಹಿಡಿಯಲ್ವಂತೆ."

...

"ಮೇಡಂಗೆ ಕೊಡ್ತೀನಿ. ಮಾತಾಡು... ಮೇಡಂ, ನಮ್ಮಣ್ಣ. ನಿಮ್ಗೇನೋ ಹೇಳ್ಬೇಕಂತೆ."

ಮೇಡಂ ಫೋನ್ ತೆಗೆದುಕೊಂಡು ಹಲೋ ಎಂದಳು. ಇನ್ನೊಮ್ಮೆ ಹಲೋ ಎಂದಳು. ಬೀಗರೇ, ಹೇಳಿ ಎಂದಳು. ಕಸೂತಿಗಾರ್ತಿ ಆಕೆಯ ಮುಖವನ್ನೇ ನೋಡುತ್ತಿದ್ದಳು. ಹೇಳಿಬಿಡಲಿ, ಒಂದೇ ಒಂದು ಸಲ ಹೇಳಿಬಿಡಲಿ ಎಂದು ತನಗೇ ಆಶ್ಚರ್ಯವಾಗುವಷ್ಟು ಆಸೆಪಟ್ಟಳು.

ಮೇಡಂ ಫೋನನ್ನು ಕಿವಿಯಿಂದ ತೆಗೆದು ನೋಡಿ ವಾಪಸು ಕೊಟ್ಟಳು. ಲೈನ್ ಕಟ್ ಆಗಿತ್ತು.

ಕಸೂತಿಗಾರ್ತಿ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದಳು. ಮೊಳೆಗೆ ನೇತುಹಾಕಿದ್ದ ಅಮ್ಮನ ಹಳೇ ಟೇಪನ್ನು ತೆಗೆದುಕೊಂಡು ಮೇಡಂ ಮುಂದೆ ಬಂದು ನಿಂತಳು.

"ಕೈ ಎತ್ತಿ, ತಾಯಿ. ಅಳತೆ ತಗೊಳ್ತಾ ನಿಮ್ಗೊಂದು ಕಥೆ ಹೇಳ್ತೀನಿ."